ಪೈಪು ಒಡೆದರೆ ಎಷ್ಟು ಮರಕ್ಕೆ ನೀರಿಲ್ಲ?

ಈ ಸಲ ಬಿಸುವಿಗೆ ತಂಗಿಯ ಮಗಳು ಬೆಂಗಳೂರಿನಿಂದ ಸವಣೂರಿಗೆ ಬಂದಿದ್ದಳು. ಸುಳ್ಯದಲ್ಲಿ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಕಣಿ ನೋಡಿ, ಹಿರಿಯರ ಕಾಲು ಮುಟ್ಟಿ, ತಿಂಡಿ ಮುಗಿಸಿದವಳೇ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. “ಮಾವ, ನಮ್ಮ ಪ್ರಾಜೆಕ್ಟಿನ ಡಿಸೈನ್ ಸ್ಕೋರ್ ನೋಡಿ, ಒಂದೂ ಕೆಂಪು ಇಲ್ಲ” ಎಂದಳು. ಪರದೆ ತುಂಬ ಹಸಿರು ಚೌಕ. ಸಹಕಾರಿ ಸಂಘಗಳ ಸಾಲದ ಲೆಕ್ಕ ಇಡುವ ಸಾಫ್ಟ್‌ವೇರ್ ಅದು. ನಾನು 30 ವರ್ಷ ಅದೇ ಕಸುಬು ಮಾಡಿ ತೋಟಕ್ಕೆ ಮರಳಿದವನು, ಖುಷಿಯಿಂದಲೇ ನೋಡಿದೆ. ಆಮೇಲೆ ಒಂದು ಮಾತು ಕೇಳಿದೆ: “ಬಡ್ಡಿ ಹಾಕುವ ನಿಯಮ ನಾಳೆ ಬದಲಾಯಿತು ಅಂತ ಇಟ್ಟುಕೋ. ನೀನು ಎಷ್ಟು ಫೈಲು ತೆರೆಯಬೇಕು?” ಅವಳು ಬೆರಳು ಮಡಚಿ ಎಣಿಸಿದಳು. ಹದಿನಾಲ್ಕಕ್ಕೆ ನಿಲ್ಲಿಸಿ, “ಇನ್ನೂ ಇರಬಹುದು ಮಾವ, ಹುಡುಕಬೇಕು” ಎಂದಳು.

ಆ ‘ಹುಡುಕಬೇಕು’ ಎಂಬ ಮಾತೇ ಈ ಬರಹಕ್ಕೆ ಕಾರಣ. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಪ್ರತಿ ವರ್ಷ ಬೆಂಗಳೂರಿನ ರಾತ್ರಿ ಬಸ್ಸು ಹತ್ತುವ ಮಕ್ಕಳೇ, ಅವಳಿಗೆ ಅಂದು ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ನಿಮಗೆಂದು ಬರೆಯುತ್ತಿದ್ದೇನೆ.

ಅದೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ತೋಟದ ಕೆಳಗಿನ ಭಾಗದಲ್ಲಿ ಸ್ಪ್ರಿಂಕ್ಲರ್ ತಿರುಗುವುದು ನಿಂತಿತು. ಇಬ್ಬರೂ ಇಳಿದು ಹೋದೆವು. ರಾತ್ರಿ ಹಂದಿ ಬಂದು ನೆಲ ಬಗೆದಿತ್ತು. ಪಿವಿಸಿ ಪೈಪು ಉದ್ದಕ್ಕೆ ಸೀಳಿ, ಕೆಂಪು ಕೆಸರಿನ ನಡುವೆ ನೀರು ಬುಗ್ಗೆಯ ಹಾಗೆ ಏಳುತ್ತಿತ್ತು. ಆ ಭಾಗದ ಗೇಟ್‌ವಾಲ್ವು ತಿರುಗಿಸಿ ಮುಚ್ಚಿದೆ. ಬುಗ್ಗೆ ಇಳಿಯಿತು. ಮೇಲಿನ ನಾಲ್ಕು ಭಾಗಗಳಲ್ಲಿ ನೀರು ಚಟಚಟನೆ ಹಾರುತ್ತಲೇ ಇತ್ತು. ನನ್ನ ತಂದೆ ಮೊದಲ ಸಲ ಪೈಪು ಹಾಕಿಸಿದಾಗ ಖರ್ಚು ಉಳಿಸಲು ಒಂದೇ ವಾಲ್ವು ಇಟ್ಟಿದ್ದರು, ಪಂಪಿನ ಬಾಯಿಯಲ್ಲಿ. ಎಲ್ಲಿ ಒಡೆದರೂ ಪಂಪು ನಿಲ್ಲಿಸಬೇಕು, ಇಡೀ ತೋಟ ಕಾಯಬೇಕು. ಬೇಸಿಗೆಯಲ್ಲಿ ತ್ರೀಫೇಸ್ ಕರೆಂಟು ಸಿಗುವುದೇ ಕೆಲವು ತಾಸು. ಪೈಪಿಗೆ ಅಂಟು ಹಾಕಿ ಒಣಗಿಸುವಷ್ಟರಲ್ಲಿ ಆ ದಿನದ ಕರೆಂಟು ಮುಗಿದಿರುತ್ತಿತ್ತು.

ಅಲ್ಲೇ ಕೆಸರಿನಲ್ಲಿ ನಿಂತು ಅವಳಿಗೆ ಹೇಳಿದೆ: ಈ ತೋಟದ ಪ್ರತಿಯೊಂದು ಪೈಪೂ ಒಡೆದರೆ ಎಷ್ಟೆಷ್ಟು ಮರಕ್ಕೆ ನೀರು ತಪ್ಪುತ್ತದೆ ಎಂದು ಎಣಿಸು, ಆಮೇಲೆ ಸರಾಸರಿ ತೆಗೆ. ಒಂದೇ ವಾಲ್ವಿನ ತೋಟದಲ್ಲಿ ಉತ್ತರ ಶೇ. 100. ಐದು ಸಮಭಾಗದ ತೋಟದಲ್ಲಿ ಶೇ. 20. ಸಾಫ್ಟ್‌ವೇರಿನ ಮಾಡ್ಯುಲಾರಿಟಿಯನ್ನು ಅಳೆಯುವುದೆಂದರೆ ಬುಡದಲ್ಲಿ ಇದೇ ಲೆಕ್ಕ.

ಇದು ನಾನು ಕಟ್ಟಿದ ಹೋಲಿಕೆ ಮಾತ್ರ ಅಂದುಕೊಳ್ಳಬೇಡಿ. ಹಾರ್ವರ್ಡ್‌ನ ಅಲನ್ ಮೆಕ್‌ಕಾರ್ಮ್ಯಾಕ್, ಜಾನ್ ರಸ್ನಾಕ್, ಕಾರ್ಲಿಸ್ ಬಾಲ್ಡ್‌ವಿನ್ ಎಂಬ ಮೂವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೇ ಎಣಿಸಿದ್ದರು. ಒಂದು ಫೈಲನ್ನು ಬದಲಿಸಿದರೆ ನೇರವಾಗಿಯೋ ಸುತ್ತುಬಳಸಿಯೋ ಒಟ್ಟು ಫೈಲುಗಳಲ್ಲಿ ಸರಾಸರಿ ಎಷ್ಟು ಪಾಲಿಗೆ ಅದರ ಬಿಸಿ ತಟ್ಟಬಹುದು ಎಂಬ ಲೆಕ್ಕ. ಅವರು ಇಟ್ಟ ಹೆಸರು ಪ್ರೊಪಗೇಶನ್ ಕಾಸ್ಟ್. ನೆಟ್‌ಸ್ಕೇಪ್ ಕಂಪೆನಿ 1998ರ ಮಾರ್ಚ್ ಕೊನೆಗೆ ತನ್ನ ಬ್ರೌಸರಿನ ಕೋಡನ್ನು ಮೊಜಿಲ್ಲಾ ಹೆಸರಿನಲ್ಲಿ ಲೋಕಕ್ಕೆ ಬಿಟ್ಟುಕೊಟ್ಟಾಗ ಈ ಅಂಕಿ ಶೇ. 17ರ ಆಸುಪಾಸು ಇತ್ತು. ಅದೇ ವರ್ಷ ಕೋಡನ್ನು ಬಿಡಿಸಿ ಮತ್ತೆ ಜೋಡಿಸಿದ ಮೇಲೆ ಶೇ. 3ಕ್ಕಿಂತ ಕೆಳಗಿಳಿಯಿತು. ಹೊರಗಿನವರು ಬಂದು ಕೈಜೋಡಿಸಬೇಕಾದರೆ ಒಂದು ಮೂಲೆ ಮುಟ್ಟಿದ್ದಕ್ಕೆ ಇಡೀ ಮನೆ ಅಲುಗಬಾರದು. ಮೊಜಿಲ್ಲಾದವರಿಗೆ ಅದು ತಿಳಿಯಿತು, ವಾಲ್ವು ಹಾಕಿದರು. ನನಗೆ ಈ ಕಸುಬಿನ ಅಳತೆಗಳಲ್ಲೆಲ್ಲ ಹೆಚ್ಚು ಪ್ರೀತಿ ಇದರ ಮೇಲೆ. ಇದು ಕೇಳುವುದು ಕೆಲಸಕ್ಕೆ ಬರುವ ಪ್ರಶ್ನೆಯನ್ನೇ.

ಆದರೆ ವಾಲ್ವು ಎಲ್ಲಿ ಹಾಕಬೇಕು? ಅದನ್ನು ಯಾವ ಅಳತೆಯೂ ಹೇಳಿಕೊಡುವುದಿಲ್ಲ. ಹೇಳಿಕೊಟ್ಟವರು ಡೇವಿಡ್ ಪಾರ್ನಾಸ್. 1972ರಲ್ಲಿ ಅವರು ಬರೆದ ಲೇಖನ ಕೆಲವೇ ಪುಟದ್ದು, ಇಂದಿಗೂ ಹಳತಾಗಿಲ್ಲ. ಅದಕ್ಕೂ ಮೊದಲು ಜನ ಕೆಲಸದ ಹಂತಗಳನ್ನು ನೋಡಿ ಪ್ರೋಗ್ರಾಮನ್ನು ಕತ್ತರಿಸುತ್ತಿದ್ದರು: ಮೊದಲು ಓದು, ಆಮೇಲೆ ವಿಂಗಡಿಸು, ಕೊನೆಗೆ ಮುದ್ರಿಸು. ಹಾಗಲ್ಲ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲಿನೊಳಗೆ ಬಚ್ಚಿಡಿ ಎಂದರು ಪಾರ್ನಾಸ್. ಹೊರಗಿನವರಿಗೆ ಕಾಣುವುದು ಬಾಗಿಲು ಮಾತ್ರ, ಒಳಕೋಣೆ ಅಲ್ಲ.

ಇದಕ್ಕೆ ನಮ್ಮೂರಿಗಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗದು. ಸವಣೂರು ಎಷ್ಟೋ ಕಾಲ ಪುತ್ತೂರು ತಾಲೂಕಿನ ಊರು. ಕಡಬ ಹೊಸ ತಾಲೂಕಾದಾಗ ಅದರ ಪಾಲಿಗೆ ಬಂತು. ಮತ ಹಾಕುವುದು ಸುಳ್ಯ ವಿಧಾನಸಭಾ ಕ್ಷೇತ್ರಕ್ಕೆ. ಪೇಟೆಯ ವ್ಯವಹಾರಕ್ಕೆ ಈಗಲೂ ಪುತ್ತೂರಿಗೇ ಹೋಗುತ್ತೇವೆ. ಒಬ್ಬ ಮನುಷ್ಯನ ವಿಳಾಸಕ್ಕೆ ಮೂರು ಊರಿನ ನಂಟು. ಹಾಗಿದ್ದರೆ, ನಮ್ಮ ಗ್ರಾಮದ ಸದಸ್ಯರ ಲೆಕ್ಕ ಇಡುವ ಸಾಫ್ಟ್‌ವೇರಿನಲ್ಲಿ ‘ಪುತ್ತೂರು ತಾಲೂಕು’ ಎಂಬ ಅಕ್ಷರ ಎಷ್ಟು ಕಡೆ ಕೂತಿರಬಹುದು ಎಂದು ಯೋಚಿಸಿ. ರಶೀದಿಯ ತಲೆಬರಹದಲ್ಲಿ ಒಂದು, ವರದಿಯಲ್ಲಿ ಒಂದು, ಸಾಲದ ಅರ್ಜಿಯಲ್ಲಿ ಒಂದು, ಹುಡುಕುವ ಪರದೆಯಲ್ಲಿ ಒಂದು. ‘ಗ್ರಾಮ ಯಾವ ತಾಲೂಕಿಗೆ ಸೇರಿದೆ’ ಎಂಬುದನ್ನು ಒಂದೇ ಕಡೆ ಇಟ್ಟು, ಉಳಿದವರೆಲ್ಲ ಅಲ್ಲಿ ಕೇಳಿ ತಿಳಿಯುವ ಹಾಗೆ ಬರೆದವನಿಗೆ ಕಡಬ ತಾಲೂಕು ಬಂದ ದಿನ ಒಂದು ಸಾಲಿನ ಕೆಲಸ. ಹಾಗೆ ಬರೆಯದವನಿಗೆ ತಿಂಗಳ ಕೆಲಸ, ಅದೂ ಎಲ್ಲೋ ಒಂದು ಕಡೆ ಉಳಿದೇ ಹೋಗುತ್ತದೆ. ಇನ್ನೂ ಕೆಟ್ಟದ್ದೊಂದಿದೆ. ‘ಪುತ್ತೂರು ತಾಲೂಕಿನ ಗ್ರಾಮ’ ಎಂದೊಂದು ತಾಯಿ ಕ್ಲಾಸ್ ಮಾಡಿ, ಅದರಿಂದ ಸವಣೂರನ್ನು ಇನ್‌ಹೆರಿಟ್ ಮಾಡಿಸುವುದು. ತಾಲೂಕು ಊರಿನ ಹುಟ್ಟುಗುಣವಲ್ಲ, ಸರಕಾರದ ಆದೇಶ. ಬದಲಾಗುವ ಆದೇಶವನ್ನು ರಕ್ತಸಂಬಂಧದ ಹಾಗೆ ಬರೆದರೆ ಕಡಿಯುವಾಗ ರಕ್ತ ಬರುತ್ತದೆ.

ಅಳತೆಯ ಕಥೆ ಪಾರ್ನಾಸ್ ನಂತರ ಬೇಗ ಬೆಳೆಯಿತು. 1974ರಲ್ಲಿ ಸ್ಟೀವನ್ಸ್, ಮೈಯರ್ಸ್, ಕಾನ್‌ಸ್ಟಂಟೈನ್ ಮೂವರು ಐಬಿಎಂ ಸಿಸ್ಟಮ್ಸ್ ಜರ್ನಲ್‌ನಲ್ಲಿ ಎರಡು ಮಾತುಗಳನ್ನು ಗಟ್ಟಿ ಮಾಡಿದರು: ಕಪ್ಲಿಂಗ್, ಕೊಹೀಶನ್. ಹೊರಗಿನವರೊಂದಿಗಿನ ನಂಟು, ಒಳಗಿನವರ ಒಗ್ಗಟ್ಟು. ನಂಟು ಸಡಿಲವಿರಲಿ, ಒಗ್ಗಟ್ಟು ಬಿಗಿಯಿರಲಿ. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳು ಬಂದ ಮೇಲೆ ಶ್ಯಾಮ್ ಚಿದಂಬರ್ ಮತ್ತು ಕ್ರಿಸ್ ಕೆಮೆರರ್ 1994ರಲ್ಲಿ ಕ್ಲಾಸ್‌ಗಳನ್ನು ಅಳೆಯುವ ಆರು ಅಳತೆಗಳನ್ನು ಕೊಟ್ಟರು. ಒಂದು ಸಂಸ್ಥೆಯ 634 ಸಿ++ ಕ್ಲಾಸ್‌, ಇನ್ನೊಂದರ 1,459 ಸ್ಮಾಲ್‌ಟಾಕ್ ಕ್ಲಾಸ್‌ ಎಣಿಸಿ ತೋರಿಸಿದರು. ನಿಮ್ಮ ಆಫೀಸಿನ ಹಸಿರು ಚೌಕಗಳ ಹಿಂದೆ ಇರುವುದು ಬಹುತೇಕ ಆ ಆರರ ಮಕ್ಕಳು ಮೊಮ್ಮಕ್ಕಳೇ.

ಟೂಲು ಹೇಳಿದ ಅಂಕಿಯನ್ನು ನಂಬುವ ಮೊದಲು ಒಂದು ಸಲವಾದರೂ ಅದನ್ನು ಕೈಯಲ್ಲಿ ಲೆಕ್ಕ ಹಾಕಿ ನೋಡಿ. ಇದು ನನ್ನ ಮೊದಲ ವಿನಂತಿ, ಬಹುಶಃ ಮುಖ್ಯವಾದದ್ದೂ ಇದೇ. ಅವಳಿಗೆ ನಾನು ಪಂಚಾಂಗದ ಹಿಂಬದಿಯ ಖಾಲಿ ಹಾಳೆಯಲ್ಲಿ ಬರೆಸಿದ್ದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ.

‘ಸದಸ್ಯ’ ಎಂಬ ಒಂದು ಕ್ಲಾಸ್. ಒಳಗೆ ಆರು ಸಂಗತಿ: ಹೆಸರು, ವಿಳಾಸ, ಸಾಲದ ಬಾಕಿ, ಬಡ್ಡಿದರ, ತಂದ ಅಡಿಕೆಯ ತೂಕ, ಅದರ ದರ್ಜೆ. ದರ್ಜೆ ಎಂದರೆ ನಿಮಗೆ ಗೊತ್ತೇ ಇದೆ, ಹೊಸತೋ ಹಳತೋ, ಪಟೋರವೋ ಕರಿಗೋಟೋ. ಮೆಥಡ್ ಆರು. ವಿಳಾಸ ಬದಲಿಸುವುದು ವಿಳಾಸವನ್ನು ಮುಟ್ಟುತ್ತದೆ. ಗುರುತುಚೀಟಿ ಮುದ್ರಿಸುವುದು ಹೆಸರು, ವಿಳಾಸ ಎರಡನ್ನೂ. ಬಡ್ಡಿ ಹಾಕುವುದು ಬಾಕಿ ಮತ್ತು ದರವನ್ನು. ಕಂತು ಜಮೆ ಮಾಡುವುದು ಬಾಕಿಯನ್ನು. ತೂಕ ಬರೆಯುವುದು ತೂಕವನ್ನು. ಬೆಲೆ ಕಟ್ಟುವುದು ತೂಕ ಮತ್ತು ದರ್ಜೆಯನ್ನು.

ಈಗ ಚಿದಂಬರ್ ಮತ್ತು ಕೆಮೆರರ್ ಹೇಳಿದ ಎಲ್‌ಕಾಮ್, ಎಂದರೆ ಒಗ್ಗಟ್ಟಿನ ಕೊರತೆ, ಲೆಕ್ಕ ಹಾಕೋಣ. ಆರು ಮೆಥಡ್‌ಗಳನ್ನು ಎರಡೆರಡಾಗಿ ಜೋಡಿಸಿದರೆ 15 ಜೋಡಿ. ಅದರಲ್ಲಿ ಒಂದೇ ಸಂಗತಿಯನ್ನು ಹಂಚಿಕೊಳ್ಳುವ ಜೋಡಿ ಮೂರೇ. ವಿಳಾಸ ಬದಲಾವಣೆಗೂ ಗುರುತುಚೀಟಿಗೂ ಸಂಬಂಧ ಇದೆ, ಬಡ್ಡಿಗೂ ಕಂತಿಗೂ ಇದೆ, ತೂಕಕ್ಕೂ ಬೆಲೆಗೂ ಇದೆ. ಉಳಿದ 12 ಜೋಡಿಗೆ ಒಂದಕ್ಕೊಂದು ಮುಖ ಪರಿಚಯವೇ ಇಲ್ಲ. 12ರಲ್ಲಿ 3 ಕಳೆದರೆ 9. ಕೊರತೆ ಇದೆ ಎಂದಾಯಿತು. ಹಿಟ್ಜ್ ಮತ್ತು ಮೊಂಟಾಜೆರಿ ಎಂಬವರು 1995ರಲ್ಲಿ ಹೇಳಿದ ಇನ್ನೊಂದು ರೀತಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ: ಸಂಬಂಧ ಇರುವ ಮೆಥಡ್‌ಗಳಿಗೆ ಗೆರೆ ಎಳೆಯುತ್ತ ಹೋಗಿ, ಎಷ್ಟು ಗುಂಪು ಉಳಿಯಿತು ಎಣಿಸಿ. ಇಲ್ಲಿ ಮೂರು ಗುಂಪು. ಒಂದೇ ಸೂರಿನಡಿ ಮೂರು ಸಂಸಾರ. ಸದಸ್ಯನ ವಿವರ, ಸಾಲದ ಖಾತೆ, ಅಡಿಕೆಯ ಚೀಟಿ ಎಂದು ಮೂರು ಕ್ಲಾಸ್ ಮಾಡಿದರೆ ಮೂರರಲ್ಲೂ ಕೊರತೆ ಸೊನ್ನೆ.

ಅವಳ ಮುಖ ಅರಳಿತು. ನಾನು ಪೆನ್ಸಿಲು ತೆಗೆದುಕೊಂಡು, ಒಡೆಯುವ ಮೊದಲಿನ ಆ ಕ್ಲಾಸಿಗೇ ಏಳನೆಯ ಮೆಥಡ್ ಸೇರಿಸಿದೆ: ‘ಎಲ್ಲ ವಿವರ ತೋರಿಸು’. ಅದು ಆರೂ ಸಂಗತಿಗಳನ್ನು ಮುಟ್ಟುತ್ತದೆ. ಈಗ ಲೆಕ್ಕ ಹಾಕು ಎಂದೆ. ಜೋಡಿ 21. ಹೊಸ ಮೆಥಡ್‌ಗೆ ಹಳೆಯ ಆರರ ಜೊತೆಗೂ ಸಂಬಂಧ, ಹಾಗಾಗಿ ಹಂಚಿಕೊಳ್ಳುವ ಜೋಡಿ 9. ಹಂಚಿಕೊಳ್ಳದವು ಮೊದಲಿನಂತೆ 12. ವ್ಯತ್ಯಾಸ 3. ಗುಂಪು ಎಣಿಸಿದರೆ ಒಂದೇ. ಒಂಬತ್ತು ಇದ್ದ ಕೊರತೆ ಮೂರಕ್ಕೆ ಇಳಿಯಿತು, ಮೂರು ಸಂಸಾರ ಒಂದಾದವು. ಆದರೆ ಸಾಲಕ್ಕೂ ಅಡಿಕೆಯ ತೂಕಕ್ಕೂ ಯಾವ ಹೊಸ ಸಂಬಂಧ ಹುಟ್ಟಿತು? ಯಾವುದೂ ಇಲ್ಲ. ಮೂರು ಸಂಸಾರದ ಅಡುಗೆಮನೆಯಲ್ಲೂ ಇಣುಕುವ ಒಬ್ಬ ಹೊಸಬ ಬಂದದ್ದಷ್ಟೇ. ಕೋಡು ಮೊದಲಿಗಿಂತ ತುಸು ಕೆಟ್ಟಿತು, ಅಂಕಿ ಚೆಂದವಾಯಿತು. ಅವಳು ಹಾಳೆಯನ್ನು ಎರಡು ಮೂರು ಸಲ ತಿರುಗಿಸಿ ನೋಡಿದಳು. ಕೈಯಲ್ಲಿ ಲೆಕ್ಕ ಹಾಕಿದವರಿಗೆ ಮಾತ್ರ ಸಿಗುವ ತಿಳಿವಳಿಕೆ ಇದು, ಹಸಿರು ಚೌಕ ಇದನ್ನು ಎಂದೂ ಹೇಳುವುದಿಲ್ಲ.

ಇನ್ನೊಂದು ಮೋಸ ಗಾತ್ರದ್ದು. 1996ರಲ್ಲಿ ಬೇಸಿಲಿ, ಬ್ರಿಯಾಂಡ್, ಮೆಲೊ ಮೂವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದ ಎಂಟು ಪ್ರಾಜೆಕ್ಟುಗಳ ಮೇಲೆ ಆ ಆರು ಅಳತೆಗಳನ್ನು ಪರೀಕ್ಷಿಸಿದರು. ತಪ್ಪು ಎಲ್ಲಿ ಹೆಚ್ಚು ಅಡಗಿರಬಹುದು ಎಂದು ಊಹಿಸಲು ಐದು ಉಪಯೋಗಕ್ಕೆ ಬಂದವು. ಒಗ್ಗಟ್ಟಿನ ಕೊರತೆಯ ಈ ಅಳತೆ ಬರಲಿಲ್ಲ. ಜಗತ್ತು ಹಿಗ್ಗಿತು. 2001ರಲ್ಲಿ ಖಾಲಿದ್ ಎಲ್ ಎಮಾಮ್ ಮತ್ತು ಸಂಗಡಿಗರು ತಣ್ಣೀರು ಎರಚಿದರು. ಕ್ಲಾಸಿನ ಗಾತ್ರವನ್ನು ಲೆಕ್ಕಕ್ಕೆ ತಂದ ಮೇಲೆ ಅವರು ನೋಡಿದ ಅಳತೆಗಳಿಗೂ ತಪ್ಪುಗಳಿಗೂ ಇದ್ದ ಸಂಬಂಧ ಮಾಯವಾಯಿತು. ನಮ್ಮ ಮಳೆಗಾಲದ ಮಾತಿನಲ್ಲಿ ಹೇಳುತ್ತೇನೆ. ಎರಡು ಸಾವಿರ ಮರದ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಕಾಯಿ ಇನ್ನೂರು ಮರದ ತೋಟಕ್ಕಿಂತ ಹೆಚ್ಚೇ ಇರುತ್ತದೆ. ಅಷ್ಟಕ್ಕೇ ದೊಡ್ಡ ತೋಟದವನು ಬೋರ್ಡೋ ದ್ರಾವಣ ಸರಿಯಾಗಿ ಹೊಡೆಸಲಿಲ್ಲ ಎಂದು ದೂರಿದರೆ ನ್ಯಾಯವೇ? ಮರಕ್ಕೆ ಎಷ್ಟು ಎಂದು ನೋಡಬೇಕು. ದೊಡ್ಡ ಕ್ಲಾಸ್ ಎಲ್ಲ ಅಳತೆಯಲ್ಲೂ ಕೆಂಪು ತೋರಿಸುತ್ತದೆ. ಆ ಕೆಂಪು ನಂಟಿನದ್ದೋ ಗಾತ್ರದ್ದೋ ಬೇರ್ಪಡಿಸಿ ನೋಡದೆ ಯಾರ ಮೇಲೂ ಬೆರಳು ತೋರಿಸಬೇಡಿ.

ಈಗ ನಮ್ಮ ಬೆಂಗಳೂರಿನಲ್ಲೇ ನಡೆದ ಕೆಲಸಕ್ಕೆ ಬರುತ್ತೇನೆ. ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿಲ್ಲ, ಗೊತ್ತಿರಬೇಕು. ಇನ್ಫೋಸಿಸ್‌ನ ಸಂಶೋಧನಾ ವಿಭಾಗದಲ್ಲಿದ್ದ ಸಾಂತನು ಸರ್ಕಾರ್, ಗಿರೀಶ್ ಮಸ್ಕೇರಿ ರಾಮ ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅವಿನಾಶ್ ಕಾಕ್ ಸೇರಿ 2007ರಲ್ಲಿ ದೊಡ್ಡ ಸಾಫ್ಟ್‌ವೇರುಗಳ ಮಾಡ್ಯುಲಾರಿಟಿ ಅಳೆಯುವ ಒಂದು ಗೊಂಚಲು ಅಳತೆಗಳನ್ನು ಪ್ರಕಟಿಸಿದರು. ಅವು ಹಳೆಯ ಮಾದರಿಯ, ಎಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಅಲ್ಲದ ಕೋಡಿಗೆ. ಮರುವರ್ಷ 2008ರಲ್ಲಿ ಅದೇ ಮೂವರು ಆಬ್ಜೆಕ್ಟ್ ಓರಿಯೆಂಟೆಡ್ ಕೋಡಿಗೂ ಅಳತೆ ಕೊಟ್ಟರು. ಅವರು ಎತ್ತಿದ ಆಕ್ಷೇಪ ಸರಳ, ಆದರೆ ನನ್ನ ಕಣ್ಣು ತೆರೆಸಿತು. ಅಲ್ಲಿಯವರೆಗೆ ಬಹುತೇಕರು ಕ್ಲಾಸ್ ಎಂದರೇ ಮಾಡ್ಯೂಲ್ ಎಂದುಕೊಂಡು ಅಳೆದಿದ್ದರು. ಹತ್ತಾರು ಲಕ್ಷ ಸಾಲಿನ ಕೋಡಿನಲ್ಲಿ ಕ್ಲಾಸ್ ಬಹಳ ಸಣ್ಣ ವಸ್ತು. ನಿಜವಾದ ಮಾಡ್ಯೂಲಿನೊಳಗೆ ನೂರಾರು ಕ್ಲಾಸ್ ಇರುತ್ತವೆ. ಪ್ರತಿ ಕ್ಲಾಸೂ ತನ್ನಷ್ಟಕ್ಕೆ ಅಚ್ಚುಕಟ್ಟಾಗಿದ್ದರೂ, ಮಾಡ್ಯೂಲುಗಳ ನಡುವೆ ಇನ್‌ಹೆರಿಟೆನ್ಸ್, ಮೆಥಡ್ ಕರೆ, ಒಬ್ಬರ ಒಳಸ್ಥಿತಿಗೆ ಇನ್ನೊಬ್ಬರು ಕೈಹಾಕುವುದು ಎಲ್ಲ ಸೇರಿ ಬಲೆ ಹೆಣೆದುಕೊಂಡಿರಬಹುದು. ಪ್ರತಿ ಅಡಿಕೆ ಮರದ ಬುಡ ಅಚ್ಚುಕಟ್ಟಾಗಿದೆ, ಆದರೆ ತೋಟಕ್ಕೆ ವಾಲ್ವು ಒಂದೇ.

ಅವರು ಅಳೆದದ್ದು ಬಾಗಿಲುಗಳನ್ನು. ಒಂದು ಮಾಡ್ಯೂಲಿಗೆ ಹೊರಗಿನಿಂದ ಬರುವ ಕರೆಗಳಲ್ಲಿ ಎಷ್ಟು ಪಾಲು ಅದು ತೆರೆದಿಟ್ಟ ಎಪಿಐ ಎಂಬ ಬಾಗಿಲಿನಿಂದಲೇ ಬರುತ್ತಿದೆ, ಎಷ್ಟು ಪಾಲು ಬೇಲಿ ಹಾರಿ ಬರುತ್ತಿದೆ? ತಾಯಿ ಕ್ಲಾಸ್ ಒಂದು ಮಾಡ್ಯೂಲಿನಲ್ಲಿ, ಮಕ್ಕಳು ಇನ್ನೊಂದರಲ್ಲಿ ಇದ್ದರೆ ತಾಯಿಯನ್ನು ಅಲುಗಿಸಿದಾಗ ಎಷ್ಟು ಮನೆ ನಡುಗುತ್ತವೆ? ಹೀಗೆ. ಇನ್ನು ಅಳತೆ ಸರಿಯೋ ಎಂದು ತಿಳಿಯಲು 2007ರ ಲೇಖನದಲ್ಲಿ ಅವರು ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಬರೆದವರೇ ವಿಂಗಡಿಸಿಟ್ಟ ಕೋಡನ್ನು ಮೊದಲು ಅಳೆದರು. ಆಮೇಲೆ ಅದೇ ಕೋಡಿನ ಫಂಕ್ಷನ್‌ಗಳನ್ನು ಇಸ್ಪೀಟು ಕಲೆಸಿದ ಹಾಗೆ ಕಲೆಸಿ, ಕೈಗೆ ಬಂದದ್ದನ್ನು ಕೈಗೆ ಬಂದ ಮಾಡ್ಯೂಲಿಗೆ ಹಾಕಿ, ಮತ್ತೆ ಅಳೆದು ಎರಡನ್ನೂ ಹೋಲಿಸಿದರು. ಕಲೆಸಿದ್ದಕ್ಕೂ ವಿಂಗಡಿಸಿದ್ದಕ್ಕೂ ಒಂದೇ ಅಂಕಿ ಕೊಡುವ ಅಳತೆ ಕೆಲಸಕ್ಕೆ ಬಾರದು. ನಿಮ್ಮ ಕಂಪೆನಿಯ ಟೂಲನ್ನೂ ಒಂದು ಸಲ ಹೀಗೆ ಪರೀಕ್ಷಿಸಿ. ಕೋಡಿನ ಒಂದು ಪ್ರತಿ ಮಾಡಿ, ಬೇಕೆಂದೇ ಕೆಡಿಸಿ, ಅಂಕಿಯೂ ಕೆಡುತ್ತದೋ ನೋಡಿ. ಕೆಡದಿದ್ದರೆ ಆ ಟೂಲು ನಿಮ್ಮನ್ನು ಹೊಗಳುತ್ತಿದೆ, ಅಳೆಯುತ್ತಿಲ್ಲ.

2009ರಲ್ಲಿ ಸರ್ಕಾರ್ ಮತ್ತು ಸಂಗಡಿಗರು ಐಇಇಇ ಸಾಫ್ಟ್‌ವೇರ್ ಪತ್ರಿಕೆಯಲ್ಲಿ ಒಂದು ಬ್ಯಾಂಕಿಂಗ್ ಸಾಫ್ಟ್‌ವೇರಿನ ಕಥೆ ಬರೆದರು. 25 ಲಕ್ಷ ಸಾಲಿನಷ್ಟಿದ್ದ ಕೋಡು ಬೆಳೆಯುತ್ತ 2.5 ಕೋಟಿ ಸಾಲಾಗಿತ್ತು. ಹತ್ತು ಪಟ್ಟು. ಅದನ್ನು ಮಾಡ್ಯೂಲುಗಳಾಗಿ ಬಿಡಿಸಲು ಪಟ್ಟ ಪಾಡು ಆ ಲೇಖನದಲ್ಲಿದೆ. ಅಷ್ಟು ದೊಡ್ಡ ಕೋಡನ್ನು ಒಬ್ಬ ಮನುಷ್ಯ ಜೀವಮಾನವಿಡೀ ಓದಿದರೂ ಮುಗಿಯುವುದಿಲ್ಲ. ಹಾಗಾಗಿ ಓದದೆಯೇ ನಂಬಬಹುದಾದ ಗೋಡೆ ಬೇಕು. ಗೋಡೆ ನಿಂತಿದೆಯೋ ಬಿರುಕು ಬಿಟ್ಟಿದೆಯೋ ಹೇಳುವ ಅಳತೆ ಬೇಕು. ಅಂಕಿಯ ಬೆಲೆ ಇರುವುದು ಅಲ್ಲಿ. ನಾನು ಅಂಕಿಯ ವಿರೋಧಿಯಲ್ಲ ಮಕ್ಕಳೇ. ಅಳೆಯದೆ ‘ನಮ್ಮ ಡಿಸೈನ್ ಚೆನ್ನಾಗಿದೆ’ ಎನ್ನುವ ಹಿರಿಯರನ್ನು ಕಂಡರೆ ನನಗೆ ಇನ್ನೂ ಹೆಚ್ಚು ಭಯ.

ಅಂಕಿಯನ್ನು ಗುರಿ ಮಾಡಿದರೆ ಏನಾಗುತ್ತದೆ ಎಂದು ಮಾತ್ರ ನಾನು ಸುಟ್ಟುಕೊಂಡು ಕಲಿತೆ. ಒಂದು ಕಂಪೆನಿಯಲ್ಲಿ 20 ಜನರ ತಂಡಕ್ಕೆ ಹಿರಿಯನಾಗಿದ್ದೆ. ಯಾವ ಕ್ಲಾಸೂ 10ಕ್ಕಿಂತ ಹೆಚ್ಚು ಕ್ಲಾಸ್‌ಗಳ ಜೊತೆ ನಂಟು ಇಟ್ಟುಕೊಳ್ಳಬಾರದು ಎಂದು ನಿಯಮ ಮಾಡಿದೆ, ಅದನ್ನು ವರ್ಷದ ಅಪ್ರೈಸಲ್‌ಗೂ ಸೇರಿಸಿದೆ. ಎರಡೇ ತಿಂಗಳಲ್ಲಿ ಎಲ್ಲರ ಅಂಕಿಯೂ ಇಳಿಯಿತು. ನಾನು ಮೆಚ್ಚಿ ಮಾತಾಡಿದೆ. ಅವರು ಮಾಡಿದ್ದೇನು? ನಡುವೆ ಒಂದು ದೊಡ್ಡ ಮ್ಯಾನೇಜರ್ ಕ್ಲಾಸ್ ನಿಲ್ಲಿಸಿ, ಎಲ್ಲರೂ ಅದರ ಮೂಲಕವೇ ಮಾತಾಡುವಂತೆ ಮಾಡಿದ್ದರು, ಅದೂ ಹೆಸರುಗಳನ್ನು ಬರೀ ಸ್ಟ್ರಿಂಗ್ ಆಗಿ ದಾಟಿಸಿ. ಟೂಲಿಗೆ ಒಂದೇ ನಂಟು ಕಂಡಿತು, ಒಳಗಿನ ನೂರು ನಂಟು ಕಾಣಲಿಲ್ಲ. ಆರು ತಿಂಗಳ ಬಳಿಕ ಒಂದು ಹೆಸರು ಬದಲಿಸಿದಾಗ ಎಲ್ಲೆಲ್ಲಿ ಮುರಿಯಿತು ಎಂದು ಹುಡುಕಲು ತಂಡ ಮೂರು ರಾತ್ರಿ ಆಫೀಸಿನಲ್ಲೇ ಕಳೆಯಿತು. ಆ ಹುಡುಗರ ತಪ್ಪಲ್ಲ. ಕೇಳಿದ್ದನ್ನೇ ಕೊಟ್ಟಿದ್ದರು. ನಾನು ಕೇಳಿದ್ದು ತಪ್ಪು. ಅಪ್ಪ ಪಂಪಿನ ಬಾಯಿಯಲ್ಲಿ ಇಟ್ಟಿದ್ದ ಆ ಒಂದೇ ವಾಲ್ವನ್ನು ನಾನು ನನ್ನ ತಂಡದ ಕೈಯಲ್ಲಿ ಮತ್ತೆ ಹಾಕಿಸಿದ್ದೆ. ನಾಳೆ ನಿಮ್ಮಲ್ಲಿ ಹಲವರು ತಂಡ ನಡೆಸುತ್ತೀರಿ. ಆಗ ಇದನ್ನು ನೆನಪಿಡಿ: ಡಿಸೈನ್ ಅಂಕಿಯನ್ನು ಯಾರ ಸಂಬಳಕ್ಕೂ ಕಟ್ಟಬೇಡಿ.

ಟೂಲಿಗೆ ಕಾಣದ ನಂಟನ್ನು ಹಿಡಿಯಲು ಒಂದು ದಾರಿ ಇದೆ, ಖರ್ಚೂ ಇಲ್ಲ. ಗಿಟ್ ಇತಿಹಾಸ ತೆರೆಯಿರಿ. ಕಳೆದ ಒಂದು ವರ್ಷದಲ್ಲಿ ಯಾವ ಯಾವ ಫೈಲುಗಳು ಒಂದೇ ಕಮಿಟ್‌ನಲ್ಲಿ ಜೊತೆಜೊತೆಯಾಗಿ ಬದಲಾಗಿವೆ ಎಂದು ಎಣಿಸಿ. ಹರಾಲ್ಡ್ ಗಾಲ್ ಮತ್ತು ಸಂಗಡಿಗರು 1998ರಲ್ಲೇ ಬಿಡುಗಡೆಗಳ ಇತಿಹಾಸ ನೋಡಿ ಹೀಗೆ ಹುಡುಕುವುದನ್ನು ತೋರಿಸಿದ್ದರು. ಒಬ್ಬರನ್ನೊಬ್ಬರು ಕರೆಯದ, ಪರಸ್ಪರ ಹೆಸರೂ ಎತ್ತದ ಎರಡು ಫೈಲುಗಳು ಹತ್ತರಲ್ಲಿ ಎಂಟು ಸಲ ಒಟ್ಟಿಗೇ ಬದಲಾಗಿದ್ದರೆ ಅವುಗಳ ನಡುವೆ ಮಣ್ಣಿನಡಿಯಲ್ಲಿ ಪೈಪು ಇದೆ ಎಂದೇ ಅರ್ಥ. ತಂಗಿಯ ಮಗಳು ಅಂದು ಮಧ್ಯಾಹ್ನ ಊಟ ಮುಗಿಸಿ ಇದನ್ನೇ ಮಾಡಿದಳು. ಬಡ್ಡಿಯ ಫೈಲಿನ ಜೊತೆ ಅತಿ ಹೆಚ್ಚು ಸಲ ಬದಲಾದದ್ದು ರಶೀದಿ ಮುದ್ರಿಸುವ ಫೈಲು. ರಶೀದಿಯ ಒಳಗೇ ಯಾರೋ ಬಡ್ಡಿಯನ್ನು ಇನ್ನೊಂದು ಸಲ ಲೆಕ್ಕ ಹಾಕಿದ್ದರು. ಅದು ಅವಳು ಬೆಳಿಗ್ಗೆ ಎಣಿಸಿದ ಹದಿನಾಲ್ಕರಲ್ಲಿ ಇರಲಿಲ್ಲ.

ಈಗ ನಿಮಗೆ ಕೋಡು ಬರೆದುಕೊಡುವ ಯಂತ್ರಗಳೂ ಬಂದಿವೆ. ನಾವು ವಾರವಿಡೀ ಬರೆಯುತ್ತಿದ್ದುದನ್ನು ಅವು ಚಹಾ ಆರುವ ಮೊದಲು ಬರೆದುಕೊಡುತ್ತವೆ. ಬಳಸಿ, ಬೇಡ ಎನ್ನುವುದಿಲ್ಲ. ಆದರೆ ಬರೆಯುವುದು ಅಗ್ಗವಾದಷ್ಟೂ ಪೈಪು ಎಳೆಯುವವರು ಹೆಚ್ಚುತ್ತಾರೆ, ವಾಲ್ವು ಎಲ್ಲಿದೆ ಎಂದು ಕೇಳುವವರು ಕಡಿಮೆಯಾಗುತ್ತಾರೆ. ಆ ಕೇಳುವವರು ನೀವಾಗಬೇಕು. ಹೊಸ ಕೋಡು ಒಳಗೆ ಬರುವ ಮೊದಲು ಎರಡು ಪ್ರಶ್ನೆ ಸಾಕು. ಇದು ಯಾವ ತೀರ್ಮಾನವನ್ನು ಬಚ್ಚಿಡುತ್ತಿದೆ? ಆ ತೀರ್ಮಾನ ಬದಲಾದರೆ ಇನ್ನು ಯಾವ ಫೈಲು ತೆರೆಯಬೇಕು? ಎರಡನೆಯದಕ್ಕೆ ‘ಹುಡುಕಬೇಕು’ ಎಂದು ಉತ್ತರ ಬಂದರೆ ಅಂದು ಒಳಗೆ ಬಿಡಬೇಡಿ.

ನಿಮ್ಮ ಹಿರಿಯರು ‘ಇಷ್ಟೆಲ್ಲ ನೋಡಲು ಟೈಮ್ ಇಲ್ಲ’ ಎಂದಾರು. ಎದುರು ಮಾತಾಡಬೇಡಿ, ಹಾಳೆ ತೋರಿಸಿ. ಕಳೆದ ತಿಂಗಳು ಒಂದು ಸಣ್ಣ ಬದಲಾವಣೆಗೆ ಎಷ್ಟು ಫೈಲು ಮುಟ್ಟಿದೆವು, ಎಷ್ಟು ದಿನ ಹೋಯಿತು ಎಂದು ಬರೆದು ಅವರ ಮೇಜಿನ ಮೇಲಿಡಿ. ತೋಟದವರ ಮಕ್ಕಳು ನೀವು. ಲೆಕ್ಕ ಬರೆದಿಟ್ಟು ಮಾತಾಡುವುದನ್ನು ಮನೆಯಲ್ಲೇ ಕಂಡಿದ್ದೀರಿ.

ಸವಣೂರು ಕಡೆ ಬಂದಾಗ ನಮ್ಮ ಮನೆಗೂ ಬನ್ನಿ. ಲ್ಯಾಪ್‌ಟಾಪ್ ಬೇಡ, ನಿಮ್ಮ ಪ್ರಾಜೆಕ್ಟಿನ ಒಂದು ಕ್ಲಾಸನ್ನು ಕಾಗದದಲ್ಲಿ ಬರೆದು ತನ್ನಿ, ಕೂತು ಎಣಿಸೋಣ. ನೀರು ಬಿಟ್ಟು ಮುಗಿಸಿ ಸಂಜೆ ಐದರ ನಂತರ ಜಗಲಿಯಲ್ಲೇ ಇರುತ್ತೇನೆ.